ತಾಮ್ರದ ಕೊಸರು

ಪಟ್ಟಿ ಸತ್ತುಹೋಗಿತ್ತು. ಗಾಜಿನ ಗೂಡಿನೊಳಗೆ ಕೊಳೆತ ಮೊಟ್ಟೆ ನಾತದ ವಿಷಗಾಳಿ ಬಿಟ್ಟಿದ್ದರೂ ಮೀಟರಿನ ಅಂಕಿ, ಉಂಡು ಮಲಗಿದ ಅಳಿಯನ ಹಾಗೆ, ಅಲ್ಲಾಡದೆ ಬಿದ್ದಿತ್ತು. ಶಿಲ್ಪಾರಾಣಿ ವೈರು ಬಿಗಿಮಾಡಿದಳು. ಗೂಡನ್ನು ಖಾಲಿಮಾಡಿ ಮತ್ತೆ ಗಾಳಿ ಬಿಟ್ಟಳು. ಇನ್ನೊಂದು ಪಟ್ಟಿ ಹಾಕಿ ನೋಡಿದಳು, ಅದೂ ಸತ್ತಿತ್ತು. ಮತ್ತೊಂದು ಹಾಕಿದಳು, ಅದೂ ಅಷ್ಟೆ. ಎಲ್ಲವೂ ಒಂದೇ ಸಲ ಬೇಯಿಸಿದ ಪುಡಿಯಿಂದ ಮಾಡಿದವು. ಅದೇ ಪುಡಿಯ ಇನ್ನೊಂದು ಪಟ್ಟಿ ಅವಳ ಅಪ್ಪ ಸಾಯಪ್ಪನ ಕೊರಳಿನ, ವಿಷಗಾಳಿ ಕಂಡರೆ ಕೂಗುವ ಡಬ್ಬಿಯಲ್ಲಿತ್ತು. ಸಾಯಪ್ಪ ಇವತ್ತು ಬಾವಿಗೆ ಇಳಿಯುವವನಿದ್ದ.

ಅವಳು ಗಡಿಯಾರ ನೋಡಿದಳು.

ಜಹೀರಾಬಾದಿನ ಆ ಕಾಲೇಜಿನ ಪ್ರಯೋಗಾಲಯ ಏನು ಮಹಾ ಅರಮನೆಯಲ್ಲ. ಒಂದು ಕೋಣೆ, ಒಂದು ಓವನ್ನು, ತಿರುಗಿದರೆ ಸದ್ದು ಮಾಡುವ ಫ್ಯಾನು. ಆದರೆ ಅಲ್ಲಿ ಶಿಲ್ಪಾರಾಣಿ ಬೇಯಿಸುತ್ತಿದ್ದ ಕಪ್ಪು ಪುಡಿ ಸಾಮಾನ್ಯದ್ದಲ್ಲ. ಮಾಲಿಬ್ಡಿನಮ್ ಡೈಸಲ್ಫೈಡ್ ಅಂತ ಅದರ ಹೆಸರು. ತಾಂಡೂರಿನ ಕಲ್ಲು ಉಳಿಯ ಏಟಿಗೆ ಹೇಗೆ ಹಾಳೆಹಾಳೆಯಾಗಿ ಏಳುತ್ತದೋ, ಈ ಪುಡಿಯ ಒಂದೊಂದು ಕಣವೂ ಹಾಗೆಯೇ ಪದರದ ಮೇಲೆ ಪದರ. ಪದರ ಎಷ್ಟು ತೆಳುವೆಂದರೆ ಕಣ್ಣಿಗೆ ಕಾಣುವ ಮಾತೇ ಇಲ್ಲ. ಕರೆಂಟನ್ನು ಅದು ಪೂರ್ತಿ ಬಿಡುವುದೂ ಇಲ್ಲ, ಪೂರ್ತಿ ತಡೆಯುವುದೂ ಇಲ್ಲ. ಅರೆವಾಹಕ. ಹಾಗೇ ಬಿಟ್ಟರೆ ಅದು ಮಂಕು, ಪಕ್ಕದಲ್ಲಿ ವಿಷಗಾಳಿ ಸುಳಿದರೂ ಅದಕ್ಕೆ ತಿಳಿಯುವುದಿಲ್ಲ. ಒಂದು ಚಿಟಿಕೆ ತಾಮ್ರ ಬೆರೆಸಿ ಬೇಯಿಸಿದರೆ ಮಾತ್ರ ಅದರ ಗುಣವೇ ಬದಲಾಗುತ್ತದೆ. ತಾಮ್ರದ ಕಣಗಳು ಪದರದೊಳಗೆ ಸೇರಿಕೊಂಡು, ಸುಳಿದುಹೋಗುವ ಗಾಳಿಯನ್ನು ಕೈಹಿಡಿದು ನಿಲ್ಲಿಸುತ್ತವೆ. ಕೂಡಲೇ ಪಟ್ಟಿಯ ಕರೆಂಟು ಏರುಪೇರಾಗುತ್ತದೆ, ಡಬ್ಬಿಯ ಹಸಿರು ದೀಪ ಹೋಗಿ ಕೆಂಪು ಹತ್ತಿ ಕೂಗುತ್ತದೆ. ಹೀಗೆ ಲೋಹ ಬೆರೆಸುವುದನ್ನು ಅಲ್ಲಿಯವರು ಡೋಪಿಂಗ್ ಅನ್ನುತ್ತಾರೆ. ನೂರಕ್ಕೆ ಎರಡು ಪಾಲು ತಾಮ್ರ, ಅದು ಹದ.

ಈ ಕೆಲಸ ಅವಳು ಹಿಡಿದದ್ದು ಕಾಕಾ ಮೊಗಲಪ್ಪನ ಸಾವಿನಿಂದ. ನಾರಾಯಣಖೇಡದ ಕಡೆ ಹಳೆಯ ಬಾವಿಗಳ ಹೂಳು ತೆಗೆಯುವುದು ಅವರ ಮನೆತನದ ಕಸುಬು. ಇಳಿಯುವ ಮೊದಲು ಬಾವಿಗೆ ಕಂದೀಲು ಬಿಡುವುದು ಪದ್ಧತಿ. ಆ ಕಂದೀಲನ್ನು ಮನೆಯ ಹೆಂಗಸೇ ಹಚ್ಚಿ ಕೊಡಬೇಕು. ತಳದಲ್ಲಿ ಅದು ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ತಾಂಡೂರಿನ ಹತ್ತಿರದ ಒಂದು ಬಾವಿಯಲ್ಲಿ ಕಂದೀಲು ಚೆನ್ನಾಗಿ ಉರಿಯಿತು, ಮೊಗಲಪ್ಪ ಇಳಿದ, ಕೆಸರಿಗೆ ಸಲಿಕೆ ಹಾಕಿದ, ಹಾಗೇ ಕುಸಿದ. ಅವನ ಹೆಣ ಮೇಲೆ ಬರುವ ತನಕ ಕಂದೀಲು ಪಕ್ಕದಲ್ಲಿ ಉರಿಯುತ್ತಲೇ ಇತ್ತು. ಉಸಿರಾಡುವ ಗಾಳಿ ಇಲ್ಲದಿದ್ದರೆ ಕಂದೀಲು ಆರುತ್ತದೆ, ನಿಜ. ಆದರೆ ಕೊಳೆತ ಕೆಸರಿನಿಂದ ಏಳುವ ವಿಷ ಮನುಷ್ಯನನ್ನು ಕೊಲ್ಲುತ್ತದೆಯೇ ಹೊರತು ದೀಪವನ್ನು ಮುಟ್ಟುವುದಿಲ್ಲ.

ಅದಕ್ಕೇ ಅವಳು ಡಬ್ಬಿ ಮಾಡಿದಳು. ಊಟದ ಡಬ್ಬಿಯಷ್ಟಿತ್ತು. ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಕೊರಳಿಗೆ ತಾನೇ ಹಾಕಿದಳು. ಸಾಯಪ್ಪ ಅದನ್ನು ಹಾಕಿಕೊಂಡು ಮನೂರಿನ ಓಣಿಯೆಲ್ಲ ಸುತ್ತಿದ, ಮದುಮಗನೂ ಅಷ್ಟು ಮೆರೆದಿರಲಿಕ್ಕಿಲ್ಲ. ಆಮೇಲೆ ಒಂದು ಬಾವಿಯಲ್ಲಿ ಡಬ್ಬಿ ಕೆಂಪಾಗಿ ಕಿರಿಚಿಕೊಂಡಿತು, ಸಾಯಪ್ಪ ಹಿಂದೆ ಸರಿದ. ಆ ಬಾವಿಗೆ ಬಿಟ್ಟ ಕೋಳಿ ಸತ್ತೇ ಮೇಲೆ ಬಂತು. ಅಂದಿನಿಂದ ಮನೆಯ ಕಂದೀಲು ಗೂಟದಲ್ಲೇ ಉಳಿಯಿತು. ಅವ್ವ ಲಚ್ಚಮ್ಮ ಹಚ್ಚಿಕೊಡಲು ಹೋದರೆ ಸಾಯಪ್ಪ, "ನನ್ನ ಮಗಳು ದೀಪ ಕೊಟ್ಟಾಳ, ನಿಂದ್ಯಾಕ ಬೇಕು?" ಅಂದು ನಗುತ್ತಿದ್ದ.

ಆ ಡಬ್ಬಿಯಲ್ಲೇ ಈಗ ಸಾವು ಕೂತಿತ್ತು. ಕೂರಿಸಿದವಳು ಶಿಲ್ಪಾರಾಣಿಯೇ.

ಲಚ್ಚಮ್ಮ ನಾರಾಯಣಖೇಡದ ಸಂತೆಯಲ್ಲಿ ತೊಗರಿ, ಜೋಳ ಅಳೆದು ಮಾರುವವಳು. ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಅವಳ ಕೈ ನಿಲ್ಲುವುದಿಲ್ಲ. ಮನೆಯಲ್ಲೂ ಅಷ್ಟೆ. ಬಾವಿಗೆ ಇಳಿಯುವವನ ತಾಟಿಗೆ ಎಲ್ಲರಿಗಿಂತ ಒಂದು ತುಂಡು ರೊಟ್ಟಿ ಹೆಚ್ಚು ಬೀಳಲೇಬೇಕು. ಕೊಸರು ತಿಂದು ಹೋದವನು ತಿರುಗಿ ಬರುತ್ತಾನೆ ಅನ್ನುವುದು ಅವರ ಮನೆಯ ನಂಬಿಕೆ. ಮಗಳು ಎಷ್ಟು ಓದಿದರೇನು, ಕೈ ಅವ್ವನದು. ಎಲ್ಲ ಪಟ್ಟಿಗೂ ನೂರಕ್ಕೆ ಎರಡು ಪಾಲು ತಾಮ್ರ ಹಾಕಿದವಳು ಅಪ್ಪನ ಪಟ್ಟಿಗೆಂದು ಬೇರೆ ಪುಡಿ ಬೇಯಿಸಿದಳು, ಐದು ಪಾಲು ಹಾಕಿ. ಮೊದಲ ಪರೀಕ್ಷೆಯಲ್ಲಿ ಅದು ಉಳಿದೆಲ್ಲಕ್ಕಿಂತ ಜೋರಾಗಿ ಕೂಗಿತು. ಅವಳಿಗೆ ಹಿಗ್ಗೋ ಹಿಗ್ಗು. ಹೆತ್ತವರಿಗೆ ಹೆಗ್ಗಣ ಮುದ್ದು, ಮಾಡಿದವಳಿಗೆ ಪಟ್ಟಿ ಮುದ್ದು. ಮತ್ತೊಮ್ಮೆ ಪರೀಕ್ಷಿಸದೆ ಊರಿಗೆ ಒಯ್ದಳು.

ಅವಳ ಪ್ರಬಂಧ ಓದಿದವರು ಈಗ ಕೇಳಿದ್ದರು, ಈ ಪಟ್ಟಿಗಳನ್ನು ಮತ್ತೆ ಮತ್ತೆ ಬಳಸಿದರೆ ಏನಾಗುತ್ತದೆ ಎಂದು. ಅದಕ್ಕಾಗಿ, ಐದು ಪಾಲಿನ ಪುಡಿಯಲ್ಲಿ ಮಿಕ್ಕಿದ್ದರಿಂದ ಮಾಡಿದ ಪಟ್ಟಿಗಳ ಮೇಲೂ ವಾರದಿಂದ ಪರೀಕ್ಷೆ ನಡೆದಿತ್ತು, ಉತ್ತರ ಇವತ್ತು ಸಿಕ್ಕಿತು. ಹೆಚ್ಚಾದ ತಾಮ್ರಕ್ಕೆ ಪದರದಲ್ಲಿ ಜಾಗ ಸಾಲದೆ ಹೊರಗೆ ಗಂಟುಗಂಟಾಗಿ ಕೂತಿತ್ತು. ಆ ಗಂಟು ವಿಷಗಾಳಿಯ ಗಂಧಕವನ್ನು ಹಿಡಿದರೆ ಬಿಡುವುದಿಲ್ಲ. ಪಟ್ಟಿ ಒಂದೊಂದು ಸಲ ಕೂಗಿದಾಗಲೂ ಅಷ್ಟಷ್ಟು ಸಾಯುತ್ತ, ಕೊನೆಗೆ ಬರೀ ತಂತಿಯಾಗುತ್ತದೆ. ಅರೆವಾಹಕದ ಬೆಲೆಯೆಲ್ಲ ಅದರ ಅರೆತನದಲ್ಲಿದೆ, ಪೂರ್ತಿಯಾದರೆ ಅದು ಕಿವುಡು. ಡಬ್ಬಿಯಾದರೋ, ಪಟ್ಟಿಯಲ್ಲಿ ಬದಲಾವಣೆ ಕಂಡರೆ ಮಾತ್ರ ಕೆಂಪು ತೋರಿಸುವಂಥದ್ದು. ಸತ್ತದ್ದು ಬದಲಾಗುವುದು ಎಲ್ಲಿಂದ? ಯುಗಾದಿಯಿಂದ ಬಾವಿ ಬಾವಿ ಸುತ್ತಿದ ಅಪ್ಪನ ಡಬ್ಬಿಯೂ ಇನ್ನು ಹಸಿರೇ ತೋರಿಸುತ್ತದೆ.

ಅವಳು ಅಪ್ಪನಿಗೆ ಫೋನು ಹಚ್ಚಿದಳು. ರಿಂಗಾಯಿತು, ರಿಂಗಾಗುತ್ತಲೇ ಹೋಯಿತು, ಯಾರೂ ಎತ್ತಲಿಲ್ಲ. ಬಾವಿಯಲ್ಲಿ ಮನುಷ್ಯ ಇರುವಾಗ ದಂಡೆಯಲ್ಲಿ ಯಾರೂ ಫೋನು ಮುಟ್ಟಬಾರದು, ಹಗ್ಗ ಹಿಡಿದವನ ಲಕ್ಷ್ಯ ಹಗ್ಗದ ಮೇಲೆಯೇ ಇರಬೇಕು ಅನ್ನುವುದು ಸಾಯಪ್ಪನ ಕಟ್ಟಳೆ. ಫೋನು ಅಂಗಿಯ ಕಿಸೆಯಲ್ಲಿ, ಅಂಗಿ ಬೇವಿನ ಕೊಂಬೆಯಲ್ಲಿ. ಎತ್ತಲಿಲ್ಲ ಅಂದರೆ ಇಳಿದಿದ್ದಾನೆ ಎಂದೇ ಅರ್ಥ.

ಬಾಗಿಲಲ್ಲಿ ಅವಳ ಗುರುಗಳು ಆನಂದತೀರ್ಥರು ಬಂದು ನಿಂತಿದ್ದರು. ಮೀಟರು ನೋಡಿದರು, ಅವಳ ಮುಖ ನೋಡಿದರು.

"ಅಪ್ಪನ ಡಬ್ಬ್ಯಾಗ ಇದ ಪಟ್ಟಿ ಅದರಿ ಸರ್," ಅಂದಳು. "ಇವತ್ತ ಮನೂರ ದಾರಿಯೊಳಗ ಜೈಪಾಲನ ಬಾವಿಗಿ ಇಳದಾನ."

ಅವರು ಬೈಯಲಿಲ್ಲ. "ಎರಡರ ಪಟ್ಟಿ ಹಾಕಿದ ಇನ್ನೊಂದು ಡಬ್ಬಿ ಅದ ಅಲ್ಲ, ತಗೋ. ನಡಿ, ಬಸ್ಸು ಹತ್ತು. ಆಂಬುಲೆನ್ಸಿಗೆ ನಾ ಫೋನ್ ಮಾಡ್ತೀನಿ," ಅಂದರು. ದಿನವೂ ರೈಲಿನಲ್ಲಿ ಬಂದುಹೋಗುವ ಮನುಷ್ಯ, ಅವರ ಹತ್ತಿರ ಗಾಡಿ ಇರಲಿಲ್ಲ.

ನಾರಾಯಣಖೇಡದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅವಳು ಅವ್ವನಿಗೆ ಫೋನು ಹಚ್ಚಿದಳು. ಲಚ್ಚಮ್ಮ ಮನೆಯಲ್ಲಿದ್ದಳು.

"ಅವ್ವ, ಅಪ್ಪನ ಡಬ್ಬಿ ಕೆಟ್ಟದ. ಅದು ಹಸರ ತೋರಸಿದ್ರೂ ನಂಬಬಾರದು. ಬಾವಿಗಿ ಹೋಗು, ಅಪ್ಪನ್ನ ಮ್ಯಾಲ ಕರಿ. ಜಲ್ದಿ."

"ಅಯ್ಯ ನನ್ನವ್ವ!" ಅಂದಳು ಲಚ್ಚಮ್ಮ. ಆಮೇಲೆ, "ಕಂದೀಲು ಒಯ್ಯಲೇನು?"

"ಕಂದೀಲು ಸಾಲಲ್ಲವ್ವ. ಕಾಕಾಂದು ಮರತೀಯೇನು? ನೀ ಬರೀ ಕರಿ, ಮ್ಯಾಲ ಕರಿ!"

ಹೇಳಿದ್ದು ಒಂದು, ಆದದ್ದು ಇನ್ನೊಂದು. ಭಯ ಬಿದ್ದ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡುತ್ತದೆ. ಲಚ್ಚಮ್ಮ ಗೂಟದ ಕಂದೀಲು ಇಳಿಸಿ, ಎಣ್ಣೆ ಹಾಕಿ, ಹಚ್ಚಿಕೊಂಡೇ ದಾರಿಗೆ ಬಂದು, ಬಹಳ ಹೊತ್ತು ಕಾದು ಸಿಕ್ಕ ಶೇರ್ ಆಟೋ ಹತ್ತಿದಳು. ಮಟಮಟ ಮಧ್ಯಾಹ್ನದಲ್ಲಿ ಉರಿಯುವ ದೀಪ ಹಿಡಿದು ಕೂತವಳನ್ನು ನೋಡಿ ಆಟೋದವರು ನಕ್ಕರಂತೆ. ಅವಳು ಸೆರಗನ್ನು ಗಾಳಿಗೆ ಅಡ್ಡ ಹಿಡಿದು ದೀಪ ಕಾಯ್ದುಕೊಂಡೇ ಹೋದಳಂತೆ.

ಬಸ್ಸಿನಲ್ಲಿ ಶಿಲ್ಪಾರಾಣಿಗೆ ಇದೊಂದೂ ತಿಳಿಯದು. ಅವಳಿಗೆ ಕಾಣುತ್ತಿದ್ದುದು ಬಾವಿಯ ತಳ ಮಾತ್ರ. ಅಪ್ಪ ಕೆಸರಿಗೆ ಸಲಿಕೆ ಹಾಕಿದನೋ ಇಲ್ಲವೋ? ಹಾಕದಿದ್ದರೆ ವಿಷ ಕೆಸರಿನಲ್ಲೇ ಮಲಗಿರುತ್ತದೆ. ಒಂದು ಸಲಿಕೆ ಬಿದ್ದರೆ ಏಳುತ್ತದೆ. ಈಗ ಹಾಕಿರಬಹುದು. ಈಗ. ಬಸ್ಸು ನಿಂತಲ್ಲೆಲ್ಲ, ಜನ ಗಂಟುಮೂಟೆ ಇಳಿಸುವಾಗೆಲ್ಲ, ಅವಳು ಮತ್ತೆ ಅಪ್ಪನ ಫೋನಿಗೆ ಹಚ್ಚುತ್ತಿದ್ದಳು. ಕಂಡಕ್ಟರನನ್ನು ಹೊಡೆಯಬೇಕು ಅನ್ನಿಸಿತು. ಅತ್ತರೆ ಹೊತ್ತು ಹಾಳಾಗುತ್ತದೆಂಬಂತೆ ಅಳಲೂ ಇಲ್ಲ. ತೊಡೆಯ ಮೇಲಿನ ಹೊಸ ಡಬ್ಬಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಕೂತಿದ್ದಳು.

ನಾರಾಯಣಖೇಡದಲ್ಲಿ ಇಳಿದು ಮನೂರಿನ ಆಟೋ ಹತ್ತಿದ ಮೇಲೆ ಅವ್ವನ ಫೋನು ಬಂತು.

"ಅವ್ವ, ಅಪ್ಪ?"

"ಒಳಗದಾನ. ಕಂದೀಲು ಬಿಟ್ಟೀನವ್ವ, ನೆಟ್ಟಗ ಉರಿಯಾಕತ್ತದ. ಅಂಜಬ್ಯಾಡ." ಅವಳ ದನಿಯಲ್ಲಿ ನಿರಾಳ ಇತ್ತು. ಆ ನಿರಾಳ ಕೇಳಿ ಶಿಲ್ಪಾರಾಣಿ ಕೂಗಿದಳು.

"ಕಂದೀಲು ನಂಬಬ್ಯಾಡ! ಅಪ್ಪನ್ನ ಕರಿ!"

"ಕರದ್ನೆವ್ವ. ಬರಲ್ಲ ಅಂತಾನ. ಡಬ್ಬಿ ಹಸರ ಅದ, ಕಂದೀಲೂ ಉರೀತದ, ನಿಂದೇನು ಗದ್ದಲ ಅಂತಾನ."

ಎರಡು ಸುಳ್ಳು ಸಾಕ್ಷಿಗಳ ನಡುವೆ ಸಾಯಪ್ಪ ನಿಂತಿದ್ದ. ಒಂದು ಹೆಂಡತಿ ಕೊಟ್ಟದ್ದು, ಇನ್ನೊಂದು ಮಗಳು ಕೊಟ್ಟದ್ದು. ಇಬ್ಬರೂ ಪ್ರೀತಿಯಿಂದಲೇ ಕೊಟ್ಟದ್ದು.

"ಮೈಲಾರಿಗೆ ಹೇಳು, ಹಗ್ಗ ಎಳೀಲಿ," ಅಂದಳು. ಮೈಲಾರಿ ಸಾಯಪ್ಪನ ಅಕ್ಕನ ಮಗ, ಹಗ್ಗ ಹಿಡಿಯುವವನು. ಅವನು ಅಳುವಂತೆ ಅಂದದ್ದು ಫೋನಿನಲ್ಲೇ ಕೇಳಿಸಿತು: "ಮಾಮ ಜಗ್ಗಲಾರದ ನಾ ಹ್ಯಾಂಗ ಎಳೀಲಿ? ನಡುವಿನ ಗಂಟು ಬಿಚ್ಚಿ ನಿಂತಿದ್ರ ಹಗ್ಗ ಬರೀದ ಬರ್ತದ, ಆಮ್ಯಾಗ ಏನ್ ಮಾಡ್ಲಿ?" ಕೆಳಗಿನವನು ಜಗ್ಗದೆ ಮೇಲಿನವನು ಎಳೆಯಬಾರದು, ಅದೂ ಸಾಯಪ್ಪನದೇ ಕಟ್ಟಳೆ.

ಆಗ ಬಾವಿಯೊಳಗಿಂದ ಅಪ್ಪನ ದನಿ ತೇಲಿ ಬಂತು. "ನನ್ನ ಮಗಳ ಡಬ್ಬಿ... ಹಸರ... ಅದ ಅಲ್ಲ..." ಮಾತು ಎಳೆದೆಳೆದು ಬರುತ್ತಿತ್ತು, ಸೇಂದಿ ಕುಡಿದವನ ಮಾತಿನ ಹಾಗೆ. ಸಾಯಪ್ಪ ಜನ್ಮದಲ್ಲಿ ಸೇಂದಿ ಮುಟ್ಟಿದವನಲ್ಲ. ವಿಷ ತಲೆಗೇರಿದಾಗ ನಾಲಿಗೆ ಹೀಗೆ ತೊಡರುತ್ತದೆಂದು ಶಿಲ್ಪಾರಾಣಿ ಓದಿದ್ದಳು. ಓದಿದ್ದೆಲ್ಲ ಈಗ ಅಪ್ಪನ ದನಿಯಾಗಿ ಕಿವಿಗೆ ಬಿತ್ತು.

"ಅವ್ವ, ಫೋನು ಬಕೀಟಿನ್ಯಾಗ ಇಟ್ಟು ಕೆಳಗ ಬಿಡು. ಸ್ಪೀಕರ್ ಹಚ್ಚು. ನಾ ಮಾತಾಡ್ತೀನಿ."

ಲಚ್ಚಮ್ಮನದು ಗುಂಡಿ ಒತ್ತುವ ಫೋನು. ಆ ಫೋನುಗಳ ಗಂಟಲು ಇಡೀ ಓಣಿಗೆ ಸಾಕು. ಬಕೆಟ್ಟು ಕಲ್ಲಿಗೆ ತಗುಲಿದ ಸದ್ದು ಕೇಳಿಸಿತು. ಶಿಲ್ಪಾರಾಣಿ ತುಂಬಿದ ಆಟೋದಲ್ಲಿ ಎದ್ದು ನಿಂತವಳಂತೆ ಕಿರುಚಿದಳು.

"ಅಪ್ಪಾ! ನನ್ನ ಡಬ್ಬಿ ಸುಳ್ಳು ಹೇಳಾಕತ್ತದ! ನಾ ತಪ್ಪು ಮಾಡೀನಪ್ಪ! ನನ್ನ ಡಬ್ಬಿ ನಂಬಬ್ಯಾಡ, ನನ್ನ ಮಾತು ನಂಬು. ಹಗ್ಗ ಜಗ್ಗು. ಅಪ್ಪಾ, ಹಗ್ಗ ಜಗ್ಗು!"

ಫೋನು ಕಡಿಯಿತು. ಬಾವಿಯ ಆಳದಲ್ಲಿ ಸಿಗ್ನಲ್ ಎಲ್ಲಿಯದು? ಅವಳ ಮಾತು ತಳ ಮುಟ್ಟಿತೋ, ಅರ್ಧಕ್ಕೇ ತುಂಡಾಯಿತೋ, ಹೇಳುವವರಿಲ್ಲ. ಇವಳು ಸಾಯಪ್ಪನ ಮಗಳು, ಡಬ್ಬಿ ಮಾಡಿದಾಕೆ ಎಂದು ಆಟೋದವರಿಗೆಲ್ಲ ಗೊತ್ತಿತ್ತು. ಪಕ್ಕದ ಮುದುಕಿ ಅವಳ ಮುಂಗೈ ಹಿಡಿದುಕೊಂಡಳು. ಡ್ರೈವರು ದಾರಿಯಲ್ಲಿ ಕೈ ಮಾಡಿದವರಿಗೆ ನಿಲ್ಲಿಸದೆ ಹೊಡೆದುಕೊಂಡು ಹೋದ. ಆ ದಾರಿ ಎಷ್ಟು ಉದ್ದವಿತ್ತೆಂದು ಅವಳನ್ನು ಕೇಳಬೇಡಿ. ಅಪ್ಪ ಸತ್ತಿದ್ದಾನೆ ಎಂದೇ ಅವಳು ಅಷ್ಟೂ ದಾರಿ ಕುಳಿತಿದ್ದಳು.

ಜೈಪಾಲನ ಹೊಲದ ಬೇವಿನ ಕೆಳಗೆ ಜನ ಗುಂಪುಗೂಡಿದ್ದರು. ಆಟೋ ನಿಲ್ಲುವ ಮೊದಲೇ ಹಾರಿ, ಜನರನ್ನು ತಳ್ಳಿಕೊಂಡು ಹೋದಳು. ಸಾಯಪ್ಪ ಅಂಗಾತ ಬಿದ್ದಿದ್ದ. ಕಣ್ಣು ಕೆಂಡ, ಮೈಯೆಲ್ಲ ಕೆಸರು, ಎದೆ ಮಾತ್ರ ಏರಿಳಿಯುತ್ತಿತ್ತು. ಅವಳು ಪಕ್ಕದಲ್ಲಿ ಕೂತು ಅಪ್ಪನ ಮುಖದ ಕೆಸರು ಒರೆಸಿದಳು.

"ಹಗ್ಗ ಅಲ್ಲಾಡ್ತವ್ವ," ಅಂದ ಮೈಲಾರಿ, ಅಂಗೈಯ ಚರ್ಮ ಕಿತ್ತಿದ್ದೂ ಅವನಿಗೆ ತಿಳಿದಿರಲಿಲ್ಲ. "ಜಗ್ಗಿದನೋ, ಬೀಳೂ ಮುಂದ ಹಿಡಕೊಂಡನೋ, ಗೊತ್ತಿಲ್ಲ. ಎಳದುಬಿಟ್ಟೆ."

ಸಾಯಪ್ಪ ಮಗಳನ್ನು ಗುರುತು ಹಿಡಿದ. "ಮೊದಲ ಕೊಳತ ವಾಸನಿ ಇತ್ತವ್ವ," ಅಂದ ಪಿಸುದನಿಯಲ್ಲಿ. "ಸಲಿಕಿ ಹಾಕಿದ ಮ್ಯಾಲ ವಾಸನಿ ಹೋತು. ಗಾಳಿ ಚೊಲೊ ಆತು ಅಂದ್ಕೊಂಡೆ."

ಗಾಳಿ ಚೆನ್ನಾಗಿರಲಿಲ್ಲ. ಆ ವಿಷ ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ಅಪ್ಪನ ಮೂಗು ಸತ್ತಾಗಿತ್ತು. ಅವಳು ಹೊಸ ಡಬ್ಬಿಯನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟಳು. ಅರ್ಧ ದಾರಿಗೇ ಅದು ಕೆಂಪಾಗಿ ಕಿರಿಚಿಕೊಂಡಿತು. ಅದರ ಕೆಳಗೆ, ಯಾರೂ ಮೇಲೆ ಎಳೆಯಲು ನೆನಪು ಮಾಡಿಕೊಳ್ಳದೆ ಬಿಟ್ಟಿದ್ದ ಲಚ್ಚಮ್ಮನ ಕಂದೀಲು ಶಾಂತವಾಗಿ ಉರಿಯುತ್ತಿತ್ತು. ಅದನ್ನು ನೋಡಿದಾಗ ಶಿಲ್ಪಾರಾಣಿಗೆ ಹುಟ್ಟಿದ ಹೆದರಿಕೆ, ದಾರಿಯುದ್ದಕ್ಕೂ ಪಟ್ಟದ್ದಕ್ಕಿಂತ ದೊಡ್ಡದು. ಅಷ್ಟರಲ್ಲಿ, ಬೇರೆ ಊರಿಗೆ ಹೋಗಿದ್ದ ಆಂಬುಲೆನ್ಸ್ ಬಂತು.

ನಾರಾಯಣಖೇಡದ ಆಸ್ಪತ್ರೆಯಲ್ಲಿ ಸಾಯಪ್ಪನ ಮೂಗಿಗೆ ನಳಿಗೆ ಹಾಕಿದರು. ಮರುದಿನ ಬೆಳಿಗ್ಗೆ ನಳಿಗೆ ತೆಗೆದು, ಊಟ ಕೊಡಬಹುದು ಅಂದರು. ಲಚ್ಚಮ್ಮ ರೊಟ್ಟಿ, ಬೇಳೆ ಬಡಿಸಿದಳು, ಬಡಿಸಿ ಮುಗಿದ ಮೇಲೆ ಒಂದು ತುಂಡು ರೊಟ್ಟಿ ಮುರಿದು ಮತ್ತೆ ತಾಟಿಗೆ ಹಾಕಿದಳು. ಅದನ್ನು ನೋಡಿ ಶಿಲ್ಪಾರಾಣಿಗೆ ತಡೆದಿದ್ದ ಅಳು ಒಮ್ಮೆಗೇ ಒಡೆಯಿತು.

"ಎಲ್ಲರ ಪಟ್ಟಿಗಿ ಎರಡು ಪಾಲು ತಾಮ್ರ ಹಾಕ್ದೆ. ನಿಂದಕ ಐದು ಹಾಕೀನಪ್ಪ. ಅದಕ ಕೆಡ್ತು."

"ಯಾಕವ್ವ?" ಅಂದ ಸಾಯಪ್ಪ.

ಅವಳು ತಾಟಿನ ತುಂಡು ರೊಟ್ಟಿ ತೋರಿಸಿದಳು. ಲಚ್ಚಮ್ಮನ ಕೈ ಬಾಯಿಗೆ ಹೋಯಿತು.

ಸಾಯಪ್ಪ ಆ ತುಂಡನ್ನು ಬೇಳೆಯಲ್ಲಿ ಅದ್ದಿ ತಿಂದ. "ರೊಟ್ಟ್ಯಾಗ ಇರ್ಲಿ," ಅಂದ. "ಡಬ್ಬ್ಯಾಗ ನನಗ ಕೊಸರು ಬ್ಯಾಡವ್ವ. ಮಂದಿಗಿ ಎಷ್ಟು ಹಾಕ್ತಿ, ನನಗೂ ಅಷ್ಟ ಹಾಕು."

"ಮತ್ತ ಇಳಿತೀಯೇನಪ್ಪ?"

"ನಾ ಇಳೀಲಿಲ್ಲಂದ್ರ ಮೈಲಾರಿ ಇಳಿತಾನ." ಅವನು ನಗಲು ನೋಡಿದ, ಕೆಮ್ಮು ಬಂತು. "ಅವಂಗ ವಾಸನಿ ಹಿಡಿಯೂ ಮೂಗೂ ಇಲ್ಲ, ಡಬ್ಬಿ ಮಾಡೂ ಮಗಳೂ ಇಲ್ಲ."

ಬೇಡ ಅಂದರೂ ಅವನು ಕೇಳುವವನಲ್ಲ, ಅವಳು ನೀರಿನ ಲೋಟ ಮುಂದೆ ಹಿಡಿದಳು.

ಜಹೀರಾಬಾದಿಗೆ ಮರಳಿದ ಮೇಲೆ ಅಪ್ಪನ ಹೊಸ ಪಟ್ಟಿಗೆ ತಾಮ್ರ ತೂಗಲು ಕೂತಳು. ನೀಲಿ ಮೈಲುತುತ್ತದ ಹರಳುಗಳು ಒಂದೊಂದಾಗಿ ತಕ್ಕಡಿಯ ಮೇಲೆ ಬಿದ್ದವು. ತೂಕ ಸರಿಯಾಯಿತು. ಸರಿಯಾದ ಮೇಲೂ ಚಮಚೆ ಹಿಡಿದ ಕೈ ತನ್ನಷ್ಟಕ್ಕೆ ಮುಂದೆ ಹೋಗಿ ಇನ್ನೊಂದು ಹರಳು ಬೀಳಿಸಿತು. ಶಿಲ್ಪಾರಾಣಿ ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಆಮೇಲೆ ಚಿಮಟಿಗೆ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಆ ಒಂದು ಹರಳನ್ನು ವಾಪಸು ತೆಗೆದಿಟ್ಟಳು.